ಫರಕು ಬಂದರೆ ಅರ್ಧ ಮಾಡಿ ನೋಡು

ಮೂವತ್ಮೂರನೆಯ ವಯಸ್ಸಿಗೇ ವೃತ್ತಿಯ ಅನುಭವ ಬರೆಯಲು ಕೂತವರನ್ನು ಅನುಮಾನದಿಂದಲೇ ಓದಬೇಕು. ನಾನಾಗಿದ್ದರೆ ಹಾಗೇ ಓದುತ್ತಿದ್ದೆ. ಆದರೆ ಆಂಧ್ರದ ಗಡಿಯೂರು ಆದವಾನಿಯ ಒಂದು ಆಡಿಟರ್ ಆಫೀಸಿನಲ್ಲಿ ಎಂಟು ವರ್ಷ ಸಣ್ಣ ಅಂಗಡಿಗಳ ಲೆಕ್ಕ ಬರೆದು, ಹೋದ ಯುಗಾದಿಗೆ ಆ ಕುರ್ಚಿಯಿಂದ ಎದ್ದು ಬಂದಿದ್ದೇನೆ. ಮತ್ತೆ ಅಲ್ಲಿ ಕೂರುವುದಿಲ್ಲ. ಇದನ್ನು ನಿವೃತ್ತಿ ಅನ್ನಬಹುದೇ ಎಂದು ಬೇಕಾದವರು ಚರ್ಚೆ ಮಾಡಲಿ. ಈಗ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಈ ವರ್ಷ ಪರೀಕ್ಷೆ ಬರೆದವರಲ್ಲಿ ನಾಲ್ಕೈದು ಜನ ಇದೇ ಕೆಲಸಕ್ಕೆ ಸೇರುತ್ತಿದ್ದಾರೆ. ಡೆಬಿಟ್ ಎಂದರೇನು, ಕ್ರೆಡಿಟ್ ಎಂದರೇನು ಎಂಬುದನ್ನು ಅವರಿಗೆ ಕ್ಲಾಸಿನಲ್ಲಿ ಹೇಳಿಯಾಗಿದೆ. ಕ್ಲಾಸಿನಲ್ಲಿ ಹೇಳಲು ಧೈರ್ಯ ಸಾಲದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆ ಗೊತ್ತಿಲ್ಲದೆ ನನ್ನ ತಪ್ಪು ಅರ್ಥವಾಗುವುದಿಲ್ಲ. ಡಿಗ್ರಿಯಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ನಮ್ಮ ಮೇಷ್ಟ್ರು ನಾಣ್ಯ ಚಿಮ್ಮುತ್ತಿದ್ದರು. ಸಿಂಹದ ಮುಖ ಬಿದ್ದರೆ ವಿಷಯದ ಪರ, ಇನ್ನೊಂದು ಬಿದ್ದರೆ ವಿರೋಧ. ಯಾವ ಕಡೆ ಬಿದ್ದರೂ ಗೆಲ್ಲಬೇಕು, ಗೆಲ್ಲುತ್ತಿದ್ದೆ. ಕರ್ನೂಲು, ಬಳ್ಳಾರಿ, ರಾಯಚೂರಿನಿಂದ ತಂದ ಕಪ್‌ಗಳು ಇವತ್ತಿಗೂ ಮನೆಯಲ್ಲಿ ಅವ್ವನ ಉಪ್ಪಿನಕಾಯಿ ಭರಣಿಗಳ ಪಕ್ಕ ನಿಂತಿವೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ: ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಮಾತು ಎಲ್ಲಿ ಸಡಿಲ ಅನ್ನುವುದು ಕಾಣುತ್ತಿತ್ತು.

ಆಫೀಸಿನಲ್ಲಿ ನನ್ನನ್ನು ರುದ್ರಪ್ಪನವರ ಕೈಕೆಳಗೆ ಹಾಕಿದರು. ಹಣೆಗೆ ವಿಭೂತಿ, ಕಿವಿಗೆ ಪೆನ್ಸಿಲ್. ಮೂವತ್ತು ವರ್ಷ ಹತ್ತಿ ಮಂಡಿಯಲ್ಲಿ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕಗಳಲ್ಲಿ ಲೆಕ್ಕ ಬರೆದು, ಆ ಪುಸ್ತಕಗಳು ಹೋದ ಮೇಲೆ ನಮ್ಮ ಆಫೀಸಿಗೆ ಬಂದವರು. ಮೊದಲ ದಿನವೇ ನಾನು ಕೇಳಿದೆ, "ಎರಡೂ ಕಡೆ ಸಮ ಇರಲೇಬೇಕು ಅಂತ ಯಾರು ಹೇಳಿದ್ದು ಸಾರ್?"

ಅವರು ಕನ್ನಡಕದ ಮೇಲಿಂದ ನೋಡಿದರು. "ಒಬ್ರು ಕೊಡಲಾರದ ಇನ್ನೊಬ್ರು ತೊಗೊಳ್ಳಾಕ ಬರತೈತೇನವ್ವಾ?"

"ಬರೋದಿಲ್ಲ."

"ಹಂಗಾರ ಕೂತು ಬರಿ."

ಅವರ ಹತ್ತಿರ ಎರಡು ಸೂತ್ರಗಳಿದ್ದವು. ಎರಡು ಕಡೆಯ ಮೊತ್ತ ತಾಳೆಯಾಗದೆ ಫರಕು ಬಂದರೆ, ಮೊದಲು ಆ ಫರಕನ್ನು ಒಂಬತ್ತರಿಂದ ಭಾಗಿಸಬೇಕು. ಶೇಷವಿಲ್ಲದೆ ಭಾಗವಾದರೆ ಯಾವುದೋ ಅಂಕಿ ಹಿಂದು ಮುಂದಾಗಿರಬಹುದು, 54 ಇದ್ದದ್ದು 45 ಆದ ಹಾಗೆ. ಹಾಗೆ ಆಗದಿದ್ದರೆ ಫರಕನ್ನು ಅರ್ಧ ಮಾಡಿ, ಆ ಅರ್ಧದ ಮೊತ್ತ ಪುಸ್ತಕದಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ಇದ್ದರೆ, ಅದು ಬರಬೇಕಾದ ಕಡೆ ಬರದೆ ಎದುರು ಕಡೆ ಹೋಗಿ ಕೂತಿದೆ ಎಂದು ಲೆಕ್ಕ. ಬರಬೇಕಾದದ್ದನ್ನು ಹೋದದ್ದು ಎಂದು ಬರೆದರೆ ತಪ್ಪು ಒಂದು ಪಟ್ಟಲ್ಲ, ಎರಡು ಪಟ್ಟು.

"ಕಂಪ್ಯೂಟರಿನಾಗ ಫರಕೇ ಬರೋದಿಲ್ಲ ಸಾರ್. ಎರಡು ಕಡೆ ಸಮ ಆಗದಿದ್ರೆ ಅದು ಸೇವ್ ಆಗೋದೇ ಇಲ್ಲ" ಎಂದೆ ನಾನು.

"ಅದಕ್ಕ ನನಗ ಅಂಜಿಕಿ" ಎಂದರು.

ಮುದುಕರು ಯಂತ್ರಕ್ಕೆ ಹೆದರುತ್ತಾರೆ ಎಂದುಕೊಂಡು ನಕ್ಕೆ. ಅವರು ಹೆದರಿದ್ದು ಯಂತ್ರಕ್ಕಲ್ಲ, ನನ್ನಂಥವರಿಗೆ ಎಂದು ತಿಳಿಯಲು ಐದು ವರ್ಷ ಬೇಕಾಯಿತು.

ಹೊಸ ಅಂಗಡಿಯವರಿಗೆ ಈ ಪದ್ಧತಿಯಲ್ಲಿ ಅರಗಿಸಿಕೊಳ್ಳಲು ಕಷ್ಟವಾಗುವುದು ಅಂಕಿಗಳಲ್ಲ. ಹಾಲಹರವಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ತೆರೆದ ಮಲ್ಲಣ್ಣ ಎಂಬಾತ ಮೊದಲ ವರ್ಷದ ಲೆಕ್ಕ ನೋಡಿ ನನ್ನ ಮೇಜಿನ ಮುಂದೆ ನಿಂತ.

"ಮೇಡಂ, ಅಂಗಡಿ ಕೊಡಬೇಕಾದ ಬಾಕಿ ಕಡೆ ನನ್ನ ಹೆಸರು ಯಾಕೈತಿ?"

"ನೀವು ಎರಡು ಲಕ್ಷ ಬಂಡವಾಳ ಹಾಕೀರಲ್ಲ, ಅದನ್ನ ಅಂಗಡಿ ನಿಮಗೆ ಕೊಡಬೇಕು."

"ಅಂಗಡಿ ಯಾರ್ದು?"

"ನಿಮ್ಮದೇ."

"ಅಂದ್ರ ನಾ ನನಗ ಕೊಡಬೇಕು."

"ಲೆಕ್ಕದಾಗ ನೀವು ಬ್ಯಾರೆ, ಅಂಗಡಿ ಬ್ಯಾರೆ, ಮಲ್ಲಣ್ಣ."

ಆತ ಹಾಳೆಯನ್ನು ಮೇಜಿನ ಮೇಲಿಟ್ಟ. "ಹಂಗಾರ ಮಧ್ಯಾಹ್ನ ಅದು ಊಟಕ್ಕ ಎಲ್ಲಿ ಹೋಗತೈತಿ ಕೇಳ್ರಿ. ನಮ್ಮನ್ಯಾಗ ಇಬ್ಬರಿಗಷ್ಟ ಮಾಡಿರತಾರ."

ಆಫೀಸೆಲ್ಲ ನಕ್ಕಿತು. ನಾನು ಆತನ ಜೊತೆ ಮುಕ್ಕಾಲು ಗಂಟೆ ವಾದ ಮಾಡಿ ಒಪ್ಪಿಸಿದೆ. ಅಂಗಡಿ ಅನ್ನುವುದು ನಿಮ್ಮಿಂದ ಬೇರೆಯಾದ ಒಬ್ಬ ಮನುಷ್ಯ, ನೀವು ಕೊಟ್ಟರೆ ಅವನು ನಿಮಗೆ ಋಣಿ, ನೀವು ಗಲ್ಲಾದಿಂದ ತೆಗೆದರೆ ಅಷ್ಟು ಋಣ ತೀರಿತು. ಇಷ್ಟನ್ನು ಒಬ್ಬರಿಗೆ ಮನವರಿಕೆ ಮಾಡಿಕೊಟ್ಟರೆ ಉಳಿದದ್ದೆಲ್ಲ ತಾನೇ ಬರುತ್ತದೆ. ಇದನ್ನು ಅಷ್ಟು ಚೆನ್ನಾಗಿ ಹೇಳಬಲ್ಲವಳು ನಾನು. ಮುಂದೆ ಓದುವಾಗ ಇದು ನೆನಪಿರಲಿ.

ನನ್ನ ಐದನೆಯ ವರ್ಷ. ಸ್ಟೇಷನ್ ಕಡೆಯ ಒಂದು ಓಣಿಯಲ್ಲಿ ಗಾದಿ ಅಂಗಡಿಯೊಂದು ಹೊಸದಾಗಿ ಶುರುವಾಗಿತ್ತು. ಜಿನ್ನಿಂಗ್ ಮಿಲ್ಲುಗಳಲ್ಲಿ ಉಳಿಯುವ ಕಳಪೆ ಹತ್ತಿ ತಂದು, ಮಿಷನ್ನಿಗೆ ಹಾಕಿ ಹಿಂಜಿ, ಗಾದಿ, ದಿಂಬು, ರಜಾಯಿ ಮಾಡುವುದು. ಶುರು ಮಾಡಿದವನು ಚನ್ನಬಸವ, ಊರಿನ ಹಳೆಯ ಹತ್ತಿ ವ್ಯಾಪಾರದ ಮನೆಯವನು. ಪಾಲುದಾರಳು ಹೊಳಗುಂದದ ಈರಮ್ಮ. ಕುರಿ ಸಾಕುವ ಮನೆಯಾಕೆ, ಗಂಡನಿಲ್ಲ, ಹೊಲಿಗೆಯಲ್ಲಿ ಕೈ ಚುರುಕು. ಮುನಿಸಿಪಾಲಿಟಿ ಲೈಸೆನ್ಸಿನಲ್ಲಿ ಚನ್ನಬಸವ ಎರಡೂ ಹೆಸರು ಬರೆಸಿದ್ದ. ಯಾರು ಎಷ್ಟು ಹಾಕಿದರು ಎನ್ನುವುದಕ್ಕೆ ಬೇರೆ ಕರಾರು ಇರಲಿಲ್ಲ. ಅಂಗಡಿ ತೆರೆದು ನಾಲ್ಕು ತಿಂಗಳಿಗೆ ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ಬಳ್ಳಾರಿಯ ಬಟ್ಟೆ ಅಂಗಡಿಯಲ್ಲಿದ್ದ ಅವನ ತಮ್ಮ ಬಸವರಾಜ ಬಂದು ಗಲ್ಲಾದಲ್ಲಿ ಕೂತ. ಅಣ್ಣ ಬರೆದಿಟ್ಟ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು, "ಮೊದಲಿಂದ ಸರಿಯಾಗಿ ಬರಕೊಡ್ರಿ ಮೇಡಂ" ಎಂದ.

ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ತೆಲುಗು ಬರೆದು ಬೆಳೆದವರು ನಾವೆಲ್ಲ. ಚನ್ನಬಸವನೂ ಹಾಗೇ. ನೋಟ್‌ಬುಕ್ ತೆಲುಗಿನಲ್ಲಿತ್ತು. ಮೊದಲ ಪುಟದ ಮೇಲೆ ಒಂದು 'ಶ್ರೀ'. ಕೆಳಗೆ ಐದೇ ಸಾಲು, ಒಂದರ ಕೆಳಗೊಂದು. ಬಂದದ್ದು, ಹೋದದ್ದು ಎಂದು ಬೇರೆ ಮಾಡಿರಲಿಲ್ಲ. ನಾವು, ಅಂದರೆ ಅವನ ಮನೆಯವರು, 1,40,000. ಮಿಷನ್ನು, 95,000. ಅಂಗಡಿ ಅಡ್ವಾನ್ಸು, 50,000. ಹತ್ತಿ ಮತ್ತು ಬಟ್ಟೆ, 40,000. ಕೊನೆಯ ಸಾಲಿನಲ್ಲಿ ಈರಮ್ಮನ ಹೆಸರು, 60,000. ಅಡಿಯಲ್ಲಿ ಗೆರೆ ಎಳೆದು, ಕೈಯಲ್ಲಿ 15,000.

ಕೊನೆಯ ಸಾಲನ್ನು 'ಈರಮ್ಮಕು' ಎಂದು ಓದಿದೆ. ತೆಲುಗಿನಲ್ಲಿ ಹೆಸರಿನ ಕೊನೆಗೆ 'ಕು' ಬಂದರೆ ನಮ್ಮ 'ಗೆ' ಇದ್ದ ಹಾಗೆ. ಈರಮ್ಮನಿಗೆ ಅರವತ್ತು ಸಾವಿರ ಕೊಟ್ಟದ್ದು. ಖರ್ಚುಗಳ ಸಾಲಿನಲ್ಲೇ ಇತ್ತು, ಅನುಮಾನ ಬರಲಿಲ್ಲ.

"ಇದು ಯಾತಕ್ಕ ಕೊಟ್ಟದ್ದು?" ಎಂದು ಬಸವರಾಜನನ್ನು ಕೇಳಿದೆ.

"ಹೊಲಿಗಿ ಮಿಷನ್ ತರಾಕ ಇರಬೇಕ್ರಿ. ಆಕಿ ಎರಡು ಮಿಷನ್ ತಂದು ಹಾಕ್ಯಾಳ."

ಕೂಡಿ ಕಳೆದೆ. ಬಂದದ್ದು ಒಂದು ಲಕ್ಷ ನಲವತ್ತು ಸಾವಿರ, ಹೋದದ್ದು ಎರಡು ಲಕ್ಷ ನಲವತ್ತೈದು. ಹಾಗಿದ್ದೂ ಕೈಯಲ್ಲಿ ಹದಿನೈದು ಉಳಿದಿದೆ. ಅಂದರೆ ಒಂದು ಲಕ್ಷ ಇಪ್ಪತ್ತು ಸಾವಿರ ಎಲ್ಲಿಂದಲೋ ಬಂದಿರಬೇಕು, ಬರೆದಿಲ್ಲ.

"ಅಣ್ಣ ಇನ್ನೂ ಹಣ ಹಾಕಿದ್ರಾ?"

"ಹಾಕಿರಬೌದ್ರಿ. ಅತ್ತಿಗಿ ಬಂಗಾರದ ಬಳಿ ಒತ್ತಿ ಇಟ್ಟಿದ್ದ ಅಂತ ಕೇಳೀನಿ. ಎಷ್ಟು ಅನ್ನೋದು ಗೊತ್ತಿಲ್ಲ."

ನನಗೆ ಅಷ್ಟು ಸಾಕಾಯಿತು. ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಚನ್ನಬಸವನ ಮನೆಯ ಬಂಡವಾಳಕ್ಕೆ ಸೇರಿಸಿದೆ. ಆ ಕಡೆ ಒಟ್ಟು ಎರಡು ಲಕ್ಷ ಅರವತ್ತು ಸಾವಿರವಾಯಿತು. ಈರಮ್ಮನ ಖಾತೆಯಲ್ಲಿ ಅರವತ್ತು ಸಾವಿರ ಮೈನಸ್. ಎರಡೂ ಕಡೆ ರೂಪಾಯಿ ಬಿಡದೆ ತಾಳೆಯಾಯಿತು. ಕಂಪ್ಯೂಟರ್ ಒಂದು ಮಾತೂ ಆಡದೆ ಸೇವ್ ಮಾಡಿಕೊಂಡಿತು.

ಆಗ ಈರಮ್ಮ ಅಲ್ಲೇ ಇದ್ದರು. ಬಸವರಾಜನ ಜೊತೆ ಬಂದು, ಹೊರಗೆ ಬೆಂಚಿನ ಮೇಲೆ, ಸೆರಗಿಗೆ ಅಂಟಿದ್ದ ಹತ್ತಿ ಎಳೆ ಬಿಡಿಸುತ್ತ ಕೂತಿದ್ದರು. ನಾನು ನೀರು ಕುಡಿಯಲು ಎದ್ದಾಗ ಕೇಳಿದರು, "ನನಗೇನರ ಕೇಳೋದೈತೇನ ತಂಗೀ?"

"ಬ್ಯಾಡ್ರಿ. ಎಲ್ಲಾ ಬರದದ್ದು ಐತಿ" ಎಂದೆ.

ಎಂಟು ವರ್ಷದಲ್ಲಿ ನಾನು ಆಡಿದ ಮಾತುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಎಲ್ಲವೂ ಸರಾಗವಾಗಿ ಹೊಂದಿಕೊಂಡು ಹೋದಾಗಲೇ ನಾವು ಯಾರನ್ನೂ ಕೇಳುವುದಿಲ್ಲ.

ವರ್ಷ ಮುಗಿದಾಗ ಲೆಕ್ಕದ ಹಾಳೆಗೆ ಇಬ್ಬರೂ ಸಹಿ ಹಾಕಿದರು. ಈರಮ್ಮ ಹೊಳಗುಂದದ ಕನ್ನಡ ಶಾಲೆಯಲ್ಲಿ ಮೂರನೆಯ ಕ್ಲಾಸು ಓದಿದವರು. ಹಾಳೆ ಇಂಗ್ಲಿಷಿನಲ್ಲಿತ್ತು. "ನೀವು ಬರದೀರಿ ಅಂದಮ್ಯಾಲ ಸರಿ ಇರತೈತಿ" ಎಂದು ಅಕ್ಷರ ಅಕ್ಷರ ಬಿಡಿಸಿ ಹೆಸರು ಬರೆದರು. ಲಾಭ ಹೆಚ್ಚೇನೂ ಇರಲಿಲ್ಲ, ಇದ್ದಷ್ಟನ್ನು ಅಂಗಡಿಯಲ್ಲೇ ಬಿಟ್ಟರು.

ಎರಡನೆಯ ವರ್ಷ ದೊಡ್ಡ ಮಿಷನ್ನಿಗೆ ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಗಂಟು ಬಿಚ್ಚಿಕೊಂಡಿತು. ಜಾಮೀನಿಗೆ ನಿಲ್ಲಲು ಬಂದವರು ಬಸವರಾಜನ ಸೋದರಮಾವ ವೀರಭದ್ರಪ್ಪ, ಹತ್ತಿ ದಲ್ಲಾಳಿ. ಲೆಕ್ಕ ಓದಲು ಬರುವ ಮನುಷ್ಯ. ಹಾಳೆ ತಿರುವಿದವರ ಬೆರಳು ಈರಮ್ಮನ ಸಾಲಿನ ಮೇಲೆ ನಿಂತಿತು. ಒಂದು ವಾರದಲ್ಲಿ ಸ್ಟಾಂಪ್ ಪೇಪರ್ ಟೈಪಾಯಿತು. ಈರಮ್ಮ ಪಾಲು ಬಿಟ್ಟುಕೊಡಬೇಕು. ಅಂಗಡಿಗೆ ಅರವತ್ತು ಸಾವಿರ ಬಾಕಿ ಇದೆ ಎಂದು ಒಪ್ಪಬೇಕು. ಅದು ತೀರುವ ತನಕ ದಿನಗೂಲಿಯ ಮೇಲೆ ಹೊಲಿಯಬೇಕು, ಎರಡು ಹೊಲಿಗೆ ಮಿಷನ್ನೂ ಅಂಗಡಿಯಲ್ಲೇ ಇರಬೇಕು. ಸಹಿಗೆ ನಮ್ಮ ಆಫೀಸಿನಲ್ಲೇ ಕೂಡುವುದೆಂದಾಯಿತು. ಮೂರು ಗಂಟೆಯೊಳಗೆ ಬ್ಯಾಂಕಿಗೆ ಕಾಗದ ಮುಟ್ಟಬೇಕಿತ್ತು. ಆಗ ಹನ್ನೊಂದು.

ನನ್ನ ಮೇಜಿನ ಎದುರು ವೀರಭದ್ರಪ್ಪ, ಪಕ್ಕದಲ್ಲಿ ಬಸವರಾಜ. ಈರಮ್ಮ ಈ ಸಲ ಒಳಗೆ, ಕುರ್ಚಿಯ ತುದಿಯಲ್ಲಿ. ರುದ್ರಪ್ಪನವರು ಗೋಡೆ ಕಡೆಯ ತಮ್ಮ ಜಾಗದಲ್ಲಿ ಯಾವುದೋ ಬಿಲ್ಲುಗಳಿಗೆ ದಾರ ಪೋಣಿಸುತ್ತಿದ್ದರು. ನಾನು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ.

ಈರಮ್ಮ ಕೇಳಿಸಿಕೊಂಡು ಅಂದರು, "ನಾ ಅಂಗಡಿಗೆ ಕೊಡಬೇಕಂತೀರಿ. ಅಂಗಡಿ ನನಗ ಕೊಡಬೇಕಲ್ಲ?"

"ಇಲ್ರಿ. ಅರವತ್ತು ಸಾವಿರ ನೀವು ತೊಗೊಂಡೀರಿ."

"ತೊಗೊಂಡಿಲ್ಲ, ಕೊಟ್ಟೀನಿ. ಆರು ಕುರಿ ಮಾರೀನಿ ತಂಗೀ. ರೊಕ್ಕ ಚನ್ನಬಸವನ ಕೈಯಾಗ ಇಟ್ಟೀನಿ."

ವೀರಭದ್ರಪ್ಪ ನನ್ನತ್ತ ನೋಡಿದರು. ಲೆಕ್ಕ ಬರೆದವಳು ನಾನು. ಈಗ ಅದರ ಪರ ನಿಲ್ಲುವುದು ನನ್ನ ಕೆಲಸ ಎಂದುಕೊಂಡೆ. ಎದ್ದು ನಿಂತೆ, ವೇದಿಕೆಯ ಮೇಲೆ ನಿಂತ ಹಾಗೆಯೇ.

"ಕೊಟ್ಟದ್ದಕ್ಕೆ ರಸೀದಿ ಐತೇನು?"

"ಚನ್ನಬಸವಗ ರಸೀದಿ ಕೇಳ್ತಾರೇನು?"

"ಕುರಿ ಕೊಂಡವರು ಯಾರು?"

"ಸಂತಿಯಾಗ ಮಾರಿದ್ದು. ಯಾವ ಊರಾಂವೋ ಏನೋ."

"ಹೋದ ವರ್ಷದ ಹಾಳಿಗೆ ಸಹಿ ನಿಮ್ಮದೇ ಅಲ್ಲೇನು? ಅದರಾಗ ಇದೇ ಮೈನಸ್ ಇತ್ತು. ಅವತ್ತು ಸುಮ್ನಿದ್ದು ಇವತ್ತು ಹಿಂಗಂದ್ರ ಯಾವುದನ್ನ ನಂಬಬೇಕು? ಚನ್ನಬಸವ ಸ್ವಂತ ಕೈಲಿ ಬರದಾರ. ಎರಡೂ ಕಡೆ ತಾಳಿ ಆಗೈತಿ. ನೀವು ಕೊಟ್ಟದ್ದು ನಿಜ ಆಗಿದ್ರ ತಾಳಿ ಆಗ್ತಿರಲಿಲ್ಲ."

ಕೊನೆಯ ವಾಕ್ಯ ಸುಳ್ಳು. ತಾಳೆಯಾಗುವ ಹಾಗೆ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ತಂದಿಟ್ಟವಳು ನಾನೇ. ಆದರೆ ಆ ಕ್ಷಣ ಅದು ನನ್ನ ನೆನಪಿನಲ್ಲೇ ಇರಲಿಲ್ಲ. ಗೆಲ್ಲುವ ವಾಕ್ಯ ನಾಲಿಗೆಗೆ ಬಂದಾಗ ಅದು ನಿಜವೋ ಅಲ್ಲವೋ ಎಂದು ನೋಡುವ ಅಭ್ಯಾಸ ನನಗಿರಲಿಲ್ಲ.

"ಕಾಗಿತಂ ಮೀದ ಉಂದಿ ಕದಾ" ಎಂದರು ವೀರಭದ್ರಪ್ಪ. "ಕಾಗದದ ಮ್ಯಾಲ ಇದ್ದಮ್ಯಾಲ ಮಾತು ಯಾಕ ಬೆಳಸ್ಬೇಕು? ಸಹಿ ಹಾಕಮ್ಮಾ. ಕೂಲಿ ಏನೂ ಕಡಿಮಿ ಮಾಡೋದಿಲ್ಲ."

ಪೆನ್ನು ಈರಮ್ಮನ ಮುಂದಿತ್ತು. ಅವರು ಅದನ್ನು ಎತ್ತಿಕೊಂಡರು, ಮುಚ್ಚಳ ತೆಗೆದರು. ಬಸವರಾಜ ಕಿಟಕಿಯ ಹೊರಗೆ ನೋಡುತ್ತಿದ್ದ. ಈರಮ್ಮ ಪೆನ್ನು ಕಾಗದಕ್ಕೆ ಮುಟ್ಟಿಸಿ, ಬರೆಯದೆ, ತಲೆ ಎತ್ತಿದರು.

"ಒಂದು ಕೆಲಸ ಮಾಡು ತಂಗೀ. ಚನ್ನಬಸವ ಏನು ಬರದಾನ, ಅವನ ಮಾತಿನಾಗ ಓದು. ನಿಂದಲ್ಲ. ಆಂವ ಅಂದಂಗ ಕೇಳಿ ಸಹಿ ಮಾಡ್ತೀನಿ."

ಬಸವರಾಜನ ಚೀಲದಿಂದ ನೋಟ್‌ಬುಕ್ ತೆಗೆಸಿದೆ. ಎರಡು ವರ್ಷದಲ್ಲಿ ಮೊದಲ ಪುಟದ ಅಂಚು ಹಳದಿಯಾಗಿತ್ತು. ಗಟ್ಟಿಯಾಗಿ ಓದಿದೆ. "ಈರಮ್ಮಕು, ಅರವತ್ತು ಸಾವಿರ. ಅಂದರೆ ಈರಮ್ಮನಿಗೆ."

ಈರಮ್ಮ ಪೆನ್ನು ಕೆಳಗಿಟ್ಟರು. "ಇದು ಚನ್ನಬಸವ ಬರದದ್ದಲ್ಲ."

"ಅವನದೇ ಅಕ್ಷರ" ಎಂದ ಬಸವರಾಜ, ಮೊದಲ ಬಾರಿಗೆ ಬಾಯಿ ಬಿಟ್ಟು.

"ಅಕ್ಷರ ನನಗ ಗೊತ್ತಿಲ್ಲಪ್ಪ. ಆಂವ ನನ್ನ ಎಂದೂ ಈರಮ್ಮ ಅಂದಾಂವಲ್ಲ. ಎದಿ ಹಿಡಕೊಂಡು ಬಿದ್ದಾಗ ಸೈತ ಈರಮ್ಮಕ್ಕಾ ಅಂತನ ಕರದಾನ."

ಗೋಡೆಯ ಕಡೆಯಿಂದ ರುದ್ರಪ್ಪನವರ ದನಿ ಬಂತು. ದಾರ ಪೋಣಿಸುವುದನ್ನು ಅವರು ಯಾವಾಗ ನಿಲ್ಲಿಸಿದ್ದರೋ.

"ಶಶಿಕಲಾ, ಚನ್ನಬಸವನ ಮನಿ ಬಂಡವಾಳ ನೋಟ್‌ಬುಕ್ಕಿನಾಗ ಎಷ್ಟೈತಿ?"

"ಒಂದು ಲಕ್ಷ ನಲವತ್ತು ಸಾವಿರ."

"ನೀ ಬರದದ್ದು?"

"ಎರಡು ಲಕ್ಷ ಅರವತ್ತು."

"ಫರಕು?"

ಹೇಳುವ ಮೊದಲೇ ಅರ್ಧವೂ ಕಂಡುಬಿಟ್ಟಿತ್ತು. ಒಂದು ಲಕ್ಷ ಇಪ್ಪತ್ತು ಸಾವಿರದ ಅರ್ಧ ಅರವತ್ತು ಸಾವಿರ. ಈ ಮನುಷ್ಯ ಐದಾರು ವರ್ಷ ನನ್ನ ಕಿವಿಯಲ್ಲಿ ಹಾಕಿದ ಸೂತ್ರ, ನಾನು ನಕ್ಕ ಸೂತ್ರ, ನನ್ನದೇ ಹಾಳೆಯ ಮೇಲೆ ಎರಡು ವರ್ಷದಿಂದ ಕೂತಿತ್ತು. ಆ ಅರವತ್ತನ್ನು ಹೋದ ಕಡೆಯಿಂದ ತೆಗೆದು ಬಂದ ಕಡೆ ಇಟ್ಟರೆ ಎರಡು ಲಕ್ಷ ಬಂತು, ಒಂದು ಲಕ್ಷ ಎಂಬತ್ತೈದು ಸಾವಿರ ಹೋಯಿತು, ಕೈಯಲ್ಲಿ ಹದಿನೈದು. ಚನ್ನಬಸವನ ಪುಟ ತನ್ನಷ್ಟಕ್ಕೆ ತಾನೇ ತಾಳೆಯಾಗಿತ್ತು. ಯಾರೂ ಬಿಟ್ಟುಹೋದ ಹಣವನ್ನು ತಂದಿಡಬೇಕಿರಲಿಲ್ಲ.

ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. 'ಕ' ಅಕ್ಷರದ ಪಕ್ಕ ಬಾಲ್‌ಪೆನ್ನಿನ ಒಂದು ಸಣ್ಣ ಸುತ್ತು. ನಾನು ಅದನ್ನು 'ಕು' ಎಂದು ಓದಿಸುವ ಕೊಂಬು ಅಂದುಕೊಂಡಿದ್ದೆ. ಅದು ಕೆಳಕ್ಕೆ ಇಳಿದಿತ್ತು. ಕೊಂಬು ಇಷ್ಟು ಕೆಳಗೆ ಇಳಿಯುವುದಿಲ್ಲ, ಒತ್ತು ಇಳಿಯುತ್ತದೆ. ಈರಮ್ಮಕ್ಕ. ಅಕ್ಕ ಕೊಟ್ಟದ್ದು. ಆದರೂ ನನ್ನೊಳಗಿನ ಚರ್ಚಾಪಟು ಸುಮ್ಮನಾಗಲಿಲ್ಲ. ಇದು ನಿನಗೆ ಈಗ ಬೇಕಾದ ಹಾಗೆ ಕಾಣುತ್ತಿರಬಹುದು, ಸಾಕ್ಷಿ ಎಲ್ಲಿ ಎಂದಳು. ಪುಟ ತಿರುವುತ್ತ ಹೋದೆ. ಒಂಬತ್ತನೆಯ ಪುಟದಲ್ಲಿ ಸಿಕ್ಕಿತು: ದಾರ, ಗುಂಡಿ ತರಲು, 'ಈರಮ್ಮಕ್ಕಕು 2,000'. ಒತ್ತು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಎರಡೂ ಬೇರೆ ಬೇರೆ. ಅಕ್ಕನಿಗೆ ಕೊಟ್ಟಾಗ ಅವನು ಹೀಗೆ ಬರೆಯುತ್ತಿದ್ದ. ಹನ್ನೆರಡನೆಯ ಪುಟದಲ್ಲೂ ಹಾಗೇ. ಅಕ್ಕ ಇಲ್ಲದ ಈರಮ್ಮ ಇಡೀ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

"ನಾನು ತಪ್ಪು ಓದೀನಿ" ಎಂದೆ. ನಾಣ್ಯ ಯಾವ ಕಡೆ ಬಿದ್ದರೂ ಗೆದ್ದವಳಿಗೆ ಈ ಮೂರು ಪದ ಬಾಯಿಂದ ಹೊರಡುವುದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ವೀರಭದ್ರಪ್ಪ ಕುರ್ಚಿ ಹಿಂದಕ್ಕೆ ತಳ್ಳಿದರು. "ಐದು ನಿಮಿಷದ ಹಿಂದ ಆಕಿ ಸುಳ್ಳಿ ಅಂತ ವಾದ ಮಾಡ್ದಿ. ಈಗ ನೀನ ತಪ್ಪು ಅಂತೀಯ. ನಾಳಿಗೆ ಇನ್ನೇನರ ಓದ್ತಿ. ಒಂದು ಒತ್ತಿನ ಮ್ಯಾಲ ನಮ್ಮ ಹುಡುಗನ ಒಂದು ಲಕ್ಷ ಇಪ್ಪತ್ತು ಸಾವಿರ ತೆಗದುಬಿಡ್ತೀಯೇನು?"

ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆ. "ಒತ್ತಿನ ಮ್ಯಾಲ ಅಲ್ರಿ. ಆ ಒಂದು ಲಕ್ಷ ಇಪ್ಪತ್ತು ಸಾವಿರ ನೋಟ್‌ಬುಕ್ಕಿನಾಗ ಎಲ್ಲೂ ಇಲ್ಲ. ಅದನ್ನ ಹುಟ್ಟಿಸಿದ್ದು ನಾನು. ಬಸವರಾಜ ಅವರನ್ನ ಕೇಳ್ರಿ, ಅಷ್ಟು ಹಣ ಅಣ್ಣ ತಂದದ್ದನ್ನ ನೋಡ್ಯಾರೇನು ಅಂತ."

ಎಲ್ಲರೂ ಬಸವರಾಜನತ್ತ ನೋಡಿದರು. ಹೌದು ಎಂದು ಒಂದು ಮಾತು ಅಂದಿದ್ದರೆ ಎಲ್ಲವೂ ಅವನದೇ. ನನ್ನ ಒತ್ತು, ನನ್ನ ಅರ್ಧ, ಯಾವುದೂ ನಿಲ್ಲುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂಬತ್ತನೆಯ ಪುಟ ನೋಡಿದ, ಮೊದಲನೆಯ ಪುಟ ನೋಡಿದ, ಮತ್ತೆ ಒಂಬತ್ತು.

"ಅತ್ತಿಗಿ ಬಂಗಾರದ ಬಳಿ ಒತ್ತಿ ಇಟ್ಟದ್ದು ಗೊತ್ತು" ಎಂದ. "ಆ ರೊಕ್ಕ ಆ ಒಂದು ಲಕ್ಷ ನಲವತ್ತರಾಗನ ಸೇರಿರಬೇಕು ಮಾಮಾ. ಇದರ ಮ್ಯಾಲೆ ಮತ್ತೊಂದು ಲಕ್ಷ ಇಪ್ಪತ್ತು ತರೋವಷ್ಟು ನಮ್ಮ ಮನ್ಯಾಗ ಏನಿತ್ತು?"

"ನಿಮ್ಮ ಮನಿ ಬಂಡವಾಳ ಇಳದ್ರ ಬ್ಯಾಂಕಿನವರು ಸಾಲ ಕಡಿಮಿ ಮಾಡ್ತಾರ ನೋಡು."

"ಮಾಡ್ಲಿ. ಸಣ್ಣ ಮಿಷನ್ ತರೋಣು."

ಸ್ಟಾಂಪ್ ಪೇಪರನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ವೀರಭದ್ರಪ್ಪ ಬಿರುಸಾಗಿ ಎದ್ದು ಹೋದರು. ಮೆಟ್ಟಿಲ ಹತ್ತಿರ ನಿಂತು, "ಮೂರು ಗಂಟಿಗೆ ಬ್ಯಾಂಕಿನ ಹತ್ರ ಇರ್ತೀನಿ, ಸರಿಯಾದ ಕಾಗದ ತೊಗೊಂಬಾ" ಎಂದರು. ಜಾಮೀನಿನಿಂದ ಹಿಂದೆ ಸರಿಯಲಿಲ್ಲ. ಅವರನ್ನು ಖಳನಾಯಕ ಮಾಡಿ ಹೇಳಿದರೆ ನನಗೆ ಅನುಕೂಲ. ಆದರೆ ಅವರು ಓದಿದ್ದು ನಾನು ಬರೆದದ್ದನ್ನು.

ತಿದ್ದುವುದು ಉಳಿದಿತ್ತು. ಕಂಪ್ಯೂಟರಿನಲ್ಲಿ ಹಳೆಯ ನಮೂದು ತೆರೆದು ಅಳಿಸಿ, ಬೇರೆ ಬರೆದರೆ ಎರಡು ನಿಮಿಷ. ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಆ ಬಟನ್ನಿನ ಮೇಲೆ ಇದ್ದಾಗ ರುದ್ರಪ್ಪನವರು ಬಂದು ಹಿಂದೆ ನಿಂತರು.

"ಕೆಂಪು ಪುಸ್ತಕದಾಗ ಹಾಳಿ ಹರೀತಿರಲಿಲ್ಲ ನಾವು. ತಪ್ಪು ಇದ್ದಲ್ಲೇ ಇರಲಿ. ಎದುರು ನಮೂದು ಹಾಕು."

ಹಾಕಿದೆ. ಚನ್ನಬಸವನ ಮನೆಯ ಬಂಡವಾಳದಿಂದ ಒಂದು ಲಕ್ಷ ಇಪ್ಪತ್ತು ಸಾವಿರ ತೆಗೆದು ಈರಮ್ಮನ ಖಾತೆಗೆ. ಮೈನಸ್ ಅರವತ್ತು ಪ್ಲಸ್ ಅರವತ್ತಾಯಿತು. ಕೆಳಗೆ ವಿವರಣೆಯ ಸಾಲಿನಲ್ಲಿ ಬರೆದೆ: 'ಬಂಡವಾಳದ ನಮೂದನ್ನು ತಪ್ಪಾಗಿ ಓದಲಾಗಿದ್ದು, ಈಗ ಸರಿಪಡಿಸಲಾಗಿದೆ.'

"ಓದಲಾಗಿದ್ದು ಅಂದ್ರ ಯಾರು ಓದಿದ್ದು?" ಎಂದರು ರುದ್ರಪ್ಪನವರು. "ಒಬ್ರು ಕೊಡಲಾರದ ಇನ್ನೊಬ್ರು ತೊಗೊಳ್ಳಾಕ ಬರೋದಿಲ್ಲ. ತಪ್ಪಿಗೂ ಒಬ್ರು ಇರತಾರ."

ಅಳಿಸಿ, 'ನಾನು, ಶಶಿಕಲಾ, ತಪ್ಪಾಗಿ ಓದಿದ್ದೆ' ಎಂದು ಬರೆದೆ. ಸಾಫ್ಟ್‌ವೇರಿನಲ್ಲಿ ಹಾಗೆ ಬರೆದ ನಮೂದು ನಮ್ಮ ಆಫೀಸಿನಲ್ಲಿ ಅದೊಂದೇ ಇರಬೇಕು.

ಈರಮ್ಮ ಇನ್ನೂ ಕೂತಿದ್ದರು. ಪರದೆಯನ್ನು ಅವರ ಕಡೆ ತಿರುಗಿಸಿ ಸಾಲು ಸಾಲಾಗಿ ಓದಿ ಹೇಳಿದೆ. ಕೇಳಿ, "ಈಗ ಹೇಳು. ಅಂಗಡಿ ನನಗ ಕೊಡಬೇಕೋ, ನಾ ಅಂಗಡಿಗೆ ಕೊಡಬೇಕೋ?" ಎಂದರು.

"ಅಂಗಡಿ ನಿಮಗ ಕೊಡಬೇಕು, ಈರಮ್ಮಕ್ಕ."

ಅವರು ಪರದೆಯ ಮೇಲಿನ ಖಾತೆಯ ಹೆಸರನ್ನು ಬೆರಳಿನಿಂದ ಮುಟ್ಟಿದರು. "ಇದು ನನ್ನ ಹೆಸರೇನು?"

"ಹೌದ್ರಿ. ಈರಮ್ಮ."

"ಅಕ್ಕ ಸೇರಸು."

"ಆಧಾರಿನಾಗ ಈರಮ್ಮ ಅಂತ ಐತಲ್ರಿ" ಎಂದೆ. ಹಳೆಯ ಚಾಳಿ.

"ಆಧಾರ್ ಮಾಡಿದಾಂವಗ ನಾ ಕುರಿ ಮಾರಿ ರೊಕ್ಕ ಕೊಟ್ಟಿಲ್ಲ. ದೊಡ್ಡ ಒತ್ತು ಹಾಕು, ಹಾಕೋದಾದ್ರ. ಮತ್ತ್ಯಾರರ 'ಕು' ಅಂತ ಓದ್ಯಾರು." ಅವರು ನಕ್ಕರು. ನನಗೆ ನಗಲು ಆಗಲಿಲ್ಲ. ಬ್ಯಾಂಕಿಗೆ ಹೋದ ಕಾಗದದಲ್ಲಿ ಆಧಾರಿನ ಹೆಸರೇ ಹೋಯಿತು. ನಮ್ಮ ಲೆಡ್ಜರಿನಲ್ಲಿ ಮಾತ್ರ ಅವತ್ತಿನಿಂದ 'ಈರಮ್ಮಕ್ಕ'.

ಅದಾದ ಮೇಲೆ ಎರಡು ವರ್ಷ ಅದೇ ಕುರ್ಚಿಯಲ್ಲಿ ಕೂತೆ. ಸ್ಕ್ಯಾನರ್ ಬಂತು, ಹಣ ಫೋನಿನಿಂದ ಫೋನಿಗೆ ಹಾರತೊಡಗಿತು, ಬ್ಯಾಂಕಿನ ಹಾಳೆ ತಾನಾಗಿ ಲೆಕ್ಕದೊಳಗೆ ಇಳಿಯತೊಡಗಿತು. ಫರಕು ಬರುವುದು ಇನ್ನೂ ಕಡಿಮೆಯಾಯಿತು. ನನ್ನ ಅಂಜಿಕೆ ಅಷ್ಟೇ ಹೆಚ್ಚಾಯಿತು. ಪ್ರತಿ ಹೊಸ ಅಂಗಡಿಯ ಮೊದಲ ಪುಟ ಬರೆಯುವಾಗ ಅದರಲ್ಲಿ ಹೆಸರಿದ್ದ ಎಲ್ಲರನ್ನೂ ಒಳಗೆ ಕರೆದು ಕೂರಿಸಿ ಕೇಳುತ್ತಿದ್ದೆ. "ಈ ಮೇಡಂ ಪೊಲೀಸಿನವರಿಗಿಂತ ಹೆಚ್ಚು ಕೇಳ್ತಾರ" ಎಂದು ಮಲ್ಲಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ.

ಹೋದ ತಿಂಗಳು ನನ್ನ ಜಾಗಕ್ಕೆ ಬಂದ ಹುಡುಗಿ ಫೋನ್ ಮಾಡಿದಳು. ಚುರುಕಿನ ಹುಡುಗಿ, ದನಿಯಲ್ಲೇ ಗೊತ್ತಾಗುತ್ತದೆ. "ಮೇಡಂ, ಗಾದಿ ಅಂಗಡಿ ಲೆಡ್ಜರಿನಾಗ ಒಂದು ಹೆಸರು ತಪ್ಪು ಟೈಪ್ ಆಗೈತಿ. ಆಧಾರಿನಾಗ ಈರಮ್ಮ ಅಂತ ಐತಿ, ಇಲ್ಲಿ ಈರಮ್ಮಕ್ಕ ಅಂತ ಐತಿ. ಸರಿ ಮಾಡಿಬಿಡ್ಲಾ?"

"ಮುಟ್ಟಬ್ಯಾಡ" ಎಂದೆ.

"ಯಾಕ ಮೇಡಂ? ಎಲ್ಲಾ ಕಾಗದದಾಗೂ ಈರಮ್ಮ ಅಂತನ ಐತಿ, ನಾ ನೋಡೀನಿ."

"ಸ್ಟೇಷನ್ ಕಡಿ ಓಣ್ಯಾಗ ಅಂಗಡಿ ಐತಿ. ಇವತ್ತು ಮಧ್ಯಾಹ್ನ ಹೋಗು. ಹೊಲಿಗಿ ಮಿಷನ್ ಮುಂದ ಕೂತಿರತಾರ. ಯಾಕ ಅಂತ ಅವರನ್ನ ಕೇಳು."